ಇನ್ನೊಂದು ವರ್ಷ ಓದುವುದೋ, ಇಲ್ಲಿಗೆ ನಿಲ್ಲಿಸುವುದೋ: ಸ್ಪರ್ಧಾತ್ಮಕ ಪರೀಕ್ಷೆಯವರು ತೀರ್ಮಾನ ಮಾಡುವುದು ಹೇಗೆ?

ಹೊಸಿಲ ದೀಪ

ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರ. ಇಲ್ಲಿನ ರೀಡಿಂಗ್ ರೂಮುಗಳಲ್ಲಿ ನಾಲ್ಕೈದು ವರ್ಷದಿಂದ ಓದುತ್ತಿರುವವರು ಸಾವಿರಾರು ಜನ ಇದ್ದಾರೆ. ಪ್ರತಿ ಫಲಿತಾಂಶದ ಮಾರನೇ ದಿನ ಅವರ ಮುಂದೆ ಅದೇ ಪ್ರಶ್ನೆ ಬಂದು ನಿಲ್ಲುತ್ತೆ. "ಬಿಡಬೇಡ, ಇನ್ನೊಂದೇ ಸಲ" ಅನ್ನುವ ಗೆಳೆಯರು ಒಂದು ಕಡೆ, "ಸಾಕು, ಊರಿಗೆ ಬಾ" ಅನ್ನುವ ಮನೆಯವರು ಇನ್ನೊಂದು ಕಡೆ. ಎರಡೂ ಬೇರೆಯವರ ತೀರ್ಮಾನವೇ. ಓದುತ್ತಿರುವವರೇ ಕೂತು ನಿರ್ಧರಿಸಬೇಕಾದರೆ ಯಾವ ಲೆಕ್ಕ ಹಾಕಬೇಕು, ಯಾವುದನ್ನು ನೋಡಬೇಕು? "ನಿನ್ನ ಮೇಲೆ ನಿನಗೆ ನಂಬಿಕೆ ಇರಲಿ" ಅಂತ ಹೇಳಿ ಮುಗಿಸಬೇಡಿ, ದಯವಿಟ್ಟು. ಆ ನಂಬಿಕೆ ಎಲ್ಲಿಂದ ಬರುತ್ತೆ ಅನ್ನುವುದನ್ನೂ ತಿಳಿದವರು ಬರೆಯಿರಿ.

ಲೆಕ್ಕದ ಪುಟ

ಮೊದಲು ಒಂದು ವಿಂಗಡಣೆ ಆಗಬೇಕು. ಕ್ಯಾಲೆಂಡರ್ ಇರುವ ಪರೀಕ್ಷೆ ಬೇರೆ, ಇಲ್ಲದ ಪರೀಕ್ಷೆ ಬೇರೆ.

ಯುಪಿಎಸ್‌ಸಿ (ಕೇಂದ್ರ ಲೋಕಸೇವಾ ಆಯೋಗ) ನಾಗರಿಕ ಸೇವಾ ಪರೀಕ್ಷೆ ಪ್ರತಿವರ್ಷ ನಡೆಯುತ್ತದೆ. ಸಾಮಾನ್ಯ ವರ್ಗಕ್ಕೆ ಗರಿಷ್ಠ ವಯಸ್ಸು 32 ವರ್ಷ, 6 ಪ್ರಯತ್ನ. ಒಬಿಸಿಗೆ 35 ವರ್ಷ, 9 ಪ್ರಯತ್ನ. ಪರಿಶಿಷ್ಟ ಜಾತಿ, ಪಂಗಡದವರಿಗೆ 37 ವರ್ಷ, ಪ್ರಯತ್ನಕ್ಕೆ ಮಿತಿಯಿಲ್ಲ. ವಯಸ್ಸು ಲೆಕ್ಕ ಹಾಕುವುದು ಪರೀಕ್ಷೆ ನಡೆಯುವ ವರ್ಷದ ಆಗಸ್ಟ್ 1ಕ್ಕೆ. ಅರ್ಜಿ ಹಾಕಿದ ಮಾತ್ರಕ್ಕೆ ಪ್ರಯತ್ನ ಖರ್ಚಾಗುವುದಿಲ್ಲ, ಪ್ರಿಲಿಮ್ಸ್‌ನ (ಪೂರ್ವಭಾವಿ ಪರೀಕ್ಷೆಯ) ಒಂದು ಪತ್ರಿಕೆಗೆ ಕೂತರೂ ಖರ್ಚಾಗುತ್ತದೆ. ತಯಾರಿ ಇಲ್ಲದೆ "ಸುಮ್ಮನೆ ನೋಡೋಣ" ಎಂದು ಹೋಗಿ ಕೂರುವವರು ಆರರಲ್ಲಿ ಒಂದನ್ನು ಹೀಗೇ ಕಳೆದುಕೊಳ್ಳುತ್ತಾರೆ.

ರಾಜ್ಯದ ನೇಮಕಾತಿಯಲ್ಲಿ ಈ ಸ್ಥಿರತೆ ಇಲ್ಲ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು, ಅಕ್ರಮದ ಕಾರಣ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಎರಡೂಕಾಲು ವರ್ಷ. 384 ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಹುದ್ದೆಗಳ ಪ್ರಿಲಿಮ್ಸ್ 2024ರ ಆಗಸ್ಟ್ 27ಕ್ಕೆ ಆಗಿ, ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು 2024ರ ಕೊನೆಯಲ್ಲಿ ಸರ್ಕಾರವೇ ತಡೆ ಹಾಕಿತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, "ಐದು ವರ್ಷ ಓದಿದೆ, ಆಗಲಿಲ್ಲ" ಅನ್ನುವ ವಾಕ್ಯವೇ ಎಷ್ಟೋ ಜನರ ಪಾಲಿಗೆ ತಪ್ಪು. ಐದು ವರ್ಷದಲ್ಲಿ ನಿಜವಾಗಿ ಬರೆಯಲು ಸಿಕ್ಕ ಪರೀಕ್ಷೆ ಎರಡೇ ಇರಬಹುದು. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಓದಿದ ತಿಂಗಳು, ಅಧಿಸೂಚನೆಗೆ ಕಾದ ತಿಂಗಳು, ನಿಜವಾಗಿ ಬರೆದ ಪರೀಕ್ಷೆ. ಎರಡನೇ ಕಾಲಂನದ್ದು ನಿಮ್ಮ ಸೋಲಲ್ಲ. ಆದರೆ ಆಯುಷ್ಯ ಖರ್ಚಾಗುವುದು ಅಲ್ಲಿಯೂ ಹೌದು, ಹಾಗಾಗಿ ಮುಂದಿನ ಯೋಜನೆಯಲ್ಲಿ ಅದಕ್ಕೊಂದು ಜಾಗ ಇರಲೇಬೇಕು.

ಕೆಂಪು ಶಾಯಿ

ಲೆಕ್ಕದ ಪುಟ ಹೇಳಿದ್ದಕ್ಕೆ ಸೇರಿಸುತ್ತೇನೆ. ಬರೆದ ಪರೀಕ್ಷೆ ಎಷ್ಟು ಅನ್ನುವುದು ಗೊತ್ತಾದ ಮೇಲೆ ನೋಡಬೇಕಾದ್ದು ಒಂದೇ ಅಂಕಿ: ನಿಮ್ಮ ವರ್ಗದ ಕಟ್‌ಆಫ್‌ಗೂ (ಆಯ್ಕೆಯಾದ ಕೊನೆಯವರ ಅಂಕ) ನಿಮ್ಮ ಅಂಕಕ್ಕೂ ಇರುವ ಅಂತರ. ಅದು ಯಾವ ದಿಕ್ಕಿಗೆ ಹೋಗುತ್ತಿದೆ?

ಮೂರು ಪ್ರಯತ್ನದಲ್ಲಿ ಅಂತರ 28, 15, 6 ಎಂದು ಇಳಿಯುತ್ತಿದ್ದರೆ ಓದುವ ವಿಧಾನ ಕೆಲಸ ಮಾಡುತ್ತಿದೆ, ಅಂಥವರು ದಣಿವಿನಿಂದ ಬಿಡಬಾರದು. 12, 14, 11 ಎಂದು ಅಲ್ಲೇ ಸುತ್ತುತ್ತಿದ್ದರೆ ಅದೇ ವಿಧಾನದಲ್ಲಿ ಇನ್ನೊಂದು ವರ್ಷ ಹಾಕಿದರೂ ನಾಲ್ಕನೆಯದು 12ರ ಆಸುಪಾಸಿನಲ್ಲೇ ಬರುತ್ತದೆ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಬದಲಾಗಬೇಕಾದ್ದು ವಿಧಾನವೋ, ಪರೀಕ್ಷೆಯೋ?

ಅದನ್ನು ತಿಳಿಯಲು ತಪ್ಪುಗಳ ಪುಸ್ತಕ ಬೇಕು. ಅಣಕು ಪರೀಕ್ಷೆ ಬರೆಯುವಾಗಲೇ ಪ್ರತಿ ಪ್ರಶ್ನೆಯ ಪಕ್ಕ ಒಂದು ಗುರುತು ಹಾಕಿ: ಖಚಿತ, ಎರಡರಲ್ಲಿ ಒಂದು, ಬರೀ ಊಹೆ. ಉತ್ತರ ನೋಡಿದ ಮೇಲೆ ತಪ್ಪಾದವನ್ನು ನಾಲ್ಕು ಗುಂಪು ಮಾಡಿ. ಓದೇ ಇಲ್ಲ. ಓದಿದ್ದೆ, ನೆನಪಾಗಲಿಲ್ಲ. ಪ್ರಶ್ನೆ ತಪ್ಪಾಗಿ ಓದಿದೆ ("ಸರಿಯಲ್ಲದ್ದು ಯಾವುದು" ಎನ್ನುವಲ್ಲಿ ಹೆಚ್ಚು ಜನ ಬೀಳುತ್ತಾರೆ). ಊಹೆ ಕೈಕೊಟ್ಟಿತು. ಹತ್ತು ಅಣಕು ಪರೀಕ್ಷೆ ಆಗುವ ಹೊತ್ತಿಗೆ ಚಿತ್ರ ಸ್ಪಷ್ಟ. "ನೆನಪಾಗಲಿಲ್ಲ" ಗುಂಪು ದೊಡ್ಡದಿದ್ದರೆ ಹೊಸ ಪುಸ್ತಕ ಕೊಳ್ಳುವುದು ನಿಲ್ಲಿಸಿ, ಓದಿದ್ದನ್ನೇ 1, 7, 30ನೇ ದಿನಕ್ಕೆ ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಬರೆಯಬೇಕು. ಪುನಃ ಪುನಃ ಓದುವುದು, ಗೆರೆ ಎಳೆಯುವುದು ಇವೆಲ್ಲ ಗೊತ್ತಿದೆ ಅನ್ನುವ ಭಾವನೆ ಕೊಡುತ್ತವೆ, ಅಂಕ ಕೊಡುವುದಿಲ್ಲ.

ಇನ್ನು ನಂಬಿಕೆಯ ಪ್ರಶ್ನೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಇದರ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಗೆದ್ದದ್ದನ್ನು ಕಂಡದ್ದು, ಬೇರೆಯವರ ಪ್ರೋತ್ಸಾಹದ ಮಾತು, ದೇಹ–ಮನಸ್ಸಿನ ಆಗಿನ ಸ್ಥಿತಿ. ಬಲವಾದದ್ದು ಮೊದಲನೆಯದು. ಪ್ರೇರಣಾ ಭಾಷಣ ಮೂರನೆಯದು ಮಾತ್ರ, ಮುಂದಿನ ಅಣಕು ಪರೀಕ್ಷೆಯಲ್ಲಿ ಅಂಕ ಬಿದ್ದ ಕೂಡಲೇ ಅದು ಕರಗುತ್ತದೆ. ನಂಬಿಕೆ ಬೇಕಾದವರು ಅಳೆಯಬಹುದಾದ ಸಣ್ಣ ಕೆಲಸ ಹಿಡಿಯಲಿ. ಉದಾಹರಣೆಗೆ ಯುಪಿಎಸ್‌ಸಿ ಮೇನ್ಸ್‌ನ (ಮುಖ್ಯ ಪರೀಕ್ಷೆಯ) ಜಿಎಸ್, ಅಂದರೆ ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ಒಂದು: 3 ಗಂಟೆಗೆ 20 ಪ್ರಶ್ನೆ, ಹತ್ತು 10 ಅಂಕದ್ದು, ಹತ್ತು 15 ಅಂಕದ್ದು. 10 ಅಂಕದ್ದಕ್ಕೆ 150 ಪದ, 15 ಅಂಕದ್ದಕ್ಕೆ 250 ಪದ. 7 ನಿಮಿಷ, 11 ನಿಮಿಷದಂತೆ ಹಂಚಿದರೆ ಸರಿಯಾಗಿ 180 ನಿಮಿಷ. ದಿನಕ್ಕೊಂದು ಉತ್ತರ, ಗಡಿಯಾರ ಇಟ್ಟುಕೊಂಡು 7 ನಿಮಿಷದಲ್ಲಿ. ಮೊದಲ ವಾರ 12 ನಿಮಿಷ ಹಿಡಿದದ್ದು ಆರನೇ ವಾರಕ್ಕೆ 8ಕ್ಕೆ ಇಳಿದರೆ, ಆ ಕಾಗದವೇ ಆತ್ಮವಿಶ್ವಾಸ.

ತುಂಗೆಯ ತಡಿ

ಕೆಂಪು ಶಾಯಿ ಅವರೇ, ಊಹೆಯ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ನೆಗೆಟಿವ್ ಅಂಕ ಇರುವ ಕಡೆ, ಅಂದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಕಡೆ, ಗೊತ್ತಿಲ್ಲದ್ದನ್ನು ಮುಟ್ಟಲೇಬಾರದು. ಬಹಳ ಜನ ಅಲ್ಲೇ ಸೋಲುವುದು.

ಕೆಂಪು ಶಾಯಿ

ಇಲ್ಲ ಸರ್, ಅದು ಪರೀಕ್ಷೆಯ ನಿಯಮದ ಮೇಲೆ ನಿಂತಿದೆ. ಕೆಪಿಎಸ್‌ಸಿಯಲ್ಲಿ (ಕರ್ನಾಟಕ ಲೋಕಸೇವಾ ಆಯೋಗ) ಕಳೆಯುವುದು ಕಾಲು ಭಾಗ. 2 ಅಂಕದ ಪ್ರಶ್ನೆ ತಪ್ಪಾದರೆ ಅರ್ಧ ಅಂಕ ಹೋಗುತ್ತದೆ. ನಾಲ್ಕು ಆಯ್ಕೆಯಲ್ಲಿ ಬರೀ ಊಹೆ ಮಾಡಿದರೂ ಸರಾಸರಿಯಲ್ಲಿ ಪ್ರಶ್ನೆಗೆ 0.125 ಅಂಕ ಬರುತ್ತದೆ. ಯುಪಿಎಸ್‌ಸಿಯಲ್ಲಿ ಕಳೆಯುವುದು ಮೂರನೇ ಒಂದು ಭಾಗ, ಅಲ್ಲಿ ಬರೀ ಊಹೆಯ ಸರಾಸರಿ ಸೊನ್ನೆ. ಆದರೆ ಒಂದು ಆಯ್ಕೆ ಖಂಡಿತ ತಪ್ಪು ಎಂದು ತೆಗೆದುಹಾಕಿದರೆ ಯುಪಿಎಸ್‌ಸಿಯ 2 ಅಂಕದ ಪ್ರಶ್ನೆಯಲ್ಲೂ ಸರಾಸರಿ 0.22, ಎರಡನ್ನು ತೆಗೆದರೆ 0.67. "ಎರಡರಲ್ಲಿ ಒಂದು" ಅನ್ನುವ ಪ್ರಶ್ನೆಗಳನ್ನು ಹೆದರಿ ಬಿಟ್ಟು ಬರುವವರು ಕಟ್‌ಆಫ್‌ಗೆ ನಾಲ್ಕೈದು ಅಂಕ ಕಡಿಮೆಯಾಗಿ ನಿಲ್ಲುತ್ತಾರೆ. ಇದು ಧೈರ್ಯದ ವಿಷಯ ಅನ್ನಿಸುತ್ತದೆ, ಆದರೆ ಇದು ಗಣಿತ.

ಸರಾಸರಿ ಅನ್ನುವುದನ್ನೂ ಎಚ್ಚರದಿಂದ ನೋಡಿ. ಕೆಪಿಎಸ್‌ಸಿಯಲ್ಲಿ 40 ಪ್ರಶ್ನೆ ಬರೀ ಊಹೆ ಮಾಡಿ 7 ಮಾತ್ರ ಸರಿಯಾದರೆ 14ರಲ್ಲಿ 16.5 ಕಳೆದು ಎರಡೂವರೆ ಅಂಕ ಕೈಯಿಂದ ಹೋಗುತ್ತದೆ. ನಿಮ್ಮ "ಎರಡರಲ್ಲಿ ಒಂದು" ಗುರುತಿನವು ನಿಜಕ್ಕೂ ಅರ್ಧದಷ್ಟು ಸರಿಯಾಗುತ್ತಿವೆಯೇ ಎಂದು ಹತ್ತು ಅಣಕು ಪರೀಕ್ಷೆಯಲ್ಲಿ ಎಣಿಸಿ, ಆಮೇಲೆ ನಿಯಮ ಮಾಡಿಕೊಳ್ಳಿ.

ತುಂಗೆಯ ತಡಿ

ಒಪ್ಪಿದೆ. ಕಾಲು ಭಾಗ, ಮೂರನೇ ಒಂದು ಭಾಗದ ವ್ಯತ್ಯಾಸ ಇಷ್ಟು ಅಂತ ಲೆಕ್ಕ ಹಾಕಿ ನೋಡಿರಲಿಲ್ಲ.

ಪಂಚಾಯ್ತಿ ಕಟ್ಟೆ

ಎಲ್ಲಾರೂ ಅಂಕದ ಮ್ಯಾಲೇ ಮಾತಾಡಾಕತ್ತೀರಿ. ಅದಕ್ಕೂ ಮೊದಲಿನ ಪ್ರಶ್ನೆ ಒಂದದ ರೀ: ಈ ಕೆಲಸಾನ ನಿಮಗ ಬೇಕಾಗ್ಯದೋ, ಕೆಲಸ ಸಿಕ್ಕಮ್ಯಾಲೆ ಊರಾಗ ಸಿಗೋ ಮರ್ಯಾದಿ ಬೇಕಾಗ್ಯದೋ? ಎರಡೂ ತಪ್ಪಲ್ಲ. ಆದ್ರ ಯಾವುದು ಅಂತ ಗೊತ್ತಿರಬೇಕು. ಮರ್ಯಾದಿ ಸಿಕ್ಕ ಆರು ತಿಂಗಳಿಗೆ ಹಳೇದಾಗತದ, ಕೆಲಸ ಮೂವತ್ತು ವರ್ಷ ಮಾಡಬೇಕು.

ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಆಗಬೇಕು ಅನ್ನೋರು ಎಷ್ಟು ಮಂದಿ ಒಂದು ಗ್ರಾಮಸಭೆ ಪೂರ್ತಿ ಕುಂತು ನೋಡ್ಯಾರ? ಊರಿನ ಮತದಾರರು ಯಾರು ಬೇಕಾದ್ರೂ ಹೋಗಬಹುದು. ವರ್ಷಕ್ಕೊಮ್ಮೆ ಜಮಾಬಂದಿ ನಡಿತದ, ಪಂಚಾಯ್ತಿ ಲೆಕ್ಕಪತ್ರ ಎಲ್ಲಾ ಜನರ ಮುಂದ ಬರತಾವ, ಅದಕ್ಕೂ ಹೋಗ್ರಿ. ಉದ್ಯೋಗ ಖಾತ್ರಿ ಕೂಲಿ ಯಾಕ ತಡ ಆತು ಅಂತ ಜೋರು ಮಾಡೋರು, ನಳಕ್ಕ ನೀರು ಬಂದಿಲ್ಲ ಅನ್ನೋರು, ಇ–ಸ್ವತ್ತಿನಾಗ ನಮೂನೆ 9, 11 (ಆಸ್ತಿ ದಾಖಲೆ) ಬೇಕು ಅಂತ ಬೆಳಗ್ಗಿನಿಂದ ನಿಂತೋರು, ಕರ ಕಟ್ಟಂದ್ರ ಮುಖ ತಿರುವೋರು. ಇದು ಆ ಕುರ್ಚಿ ದಿನಚರಿ. ಇದನ್ನ ನೋಡಿ "ಈ ಮಂದಿ ನಡುವ ಇರಬೇಕು" ಅನ್ನಿಸಿದ್ರ ಓದಿಗೆ ಬ್ಯಾರೇನ ಬಲ ಬರತದ. "ಅಯ್ಯೋ, ದಿನಾ ಇದಾ?" ಅನ್ನಿಸಿದ್ರ ಅದೂ ಉತ್ತರಾನ.

ಹಿಂಗ ನೀವು ಅರ್ಜಿ ಹಾಕಿದ ಎಲ್ಲಾ ಹುದ್ದೆದೂ ಪಟ್ಟಿ ಮಾಡ್ರಿ. ಒಂದೊಂದರ ಮುಂದ, ಆ ಕೆಲಸದಾಗ ಇರೋರು ಮಂಗಳವಾರ ಮುಂಜಾನೆ 11ಕ್ಕ ಏನು ಮಾಡತಿರತಾರ ಅಂತ ಬರೀರಿ. ಬರಿಯಾಕ ಬರದಿದ್ರ ಆ ಕೆಲಸ ನಿಮಗ ಗೊತ್ತಿಲ್ಲ ಅಂತ ಅರ್ಥ. ಉಪ ನೋಂದಣಾಧಿಕಾರಿ ಕಚೇರಿ, ನಾಡಕಚೇರಿ, ನ್ಯಾಯಾಲಯದ ಕಲಾಪ, ಎಲ್ಲಾ ಜನರಿಗೆ ಕಾಣೋ ಜಾಗಾನ. ಒಂದೊಂದು ದಿನ ಹೋಗಿ ಕುಂತು ಬರ್ರಿ.

ಹೊಸಿಲ ದೀಪ

ಮಂಗಳವಾರ ಹನ್ನೊಂದು ಗಂಟೆಯ ಪ್ರಶ್ನೆ ತುಂಬಾ ಉಪಯೋಗದ್ದು. ಇನ್ನೊಂದು ಕೇಳ್ತೀನಿ. "ಇಷ್ಟು ವರ್ಷ ಹಾಕಿದ್ದೀನಿ, ಈಗ ಬಿಟ್ಟರೆ ಎಲ್ಲ ನೀರಲ್ಲಿ ಹೋಮ" ಅನ್ನೋ ಭಾವನೆಗೆ ಏನು ಹೇಳ್ತೀರಿ? ನಿಲ್ಲಿಸಲಾರದೆ ಒದ್ದಾಡುವವರಲ್ಲಿ ಹೆಚ್ಚಿನವರನ್ನು ಹಿಡಿದಿಟ್ಟಿರೋದು ಅದೇ.

ಲೆಕ್ಕದ ಪುಟ

ಅದಕ್ಕೆ ಅರ್ಥಶಾಸ್ತ್ರದಲ್ಲಿ ಮುಳುಗಿದ ವೆಚ್ಚ ಎನ್ನುತ್ತಾರೆ. ಮನಶ್ಶಾಸ್ತ್ರದ ಸಂಶೋಧಕರಾದ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು: ಒಮ್ಮೆ ಹಣವೋ ಶ್ರಮವೋ ಹಾಕಿಬಿಟ್ಟರೆ, ಮುಂದೆ ಲಾಭವಿಲ್ಲ ಎಂದು ಗೊತ್ತಾದ ಮೇಲೂ ಜನ ಮುಂದುವರಿಸುತ್ತಾರೆ. ಬಿಡಿಸಿಕೊಳ್ಳಲು ಒಂದು ಪ್ರಶ್ನೆ ಇದೆ. ಈ ಪರೀಕ್ಷೆಯ ಬಗ್ಗೆ ಇವತ್ತೇ ಮೊದಲ ಸಲ ಕೇಳುತ್ತಿದ್ದೀರಿ ಎಂದುಕೊಳ್ಳಿ. ಈಗಿನ ವಯಸ್ಸು, ಈಗಿನ ಜ್ಞಾನ, ಈಗಿನ ಮನೆಯ ಪರಿಸ್ಥಿತಿ ಇಟ್ಟುಕೊಂಡು ಇದನ್ನು ಶುರು ಮಾಡುತ್ತೀರಾ? ಹೌದಾದರೆ ಮುಂದುವರಿಸಲು ಅದು ಒಳ್ಳೆಯ ಕಾರಣ. ಇಲ್ಲ ಎಂದಾದರೆ ನಿಮ್ಮನ್ನು ಹಿಡಿದಿರುವುದು ಹಿಂದಿನ ವರ್ಷಗಳು ಮಾತ್ರ.

ಮುಂದಿನ ವರ್ಷದ ವೆಚ್ಚವನ್ನಾದರೂ ಬರೆದುಕೊಳ್ಳಿ. ಉದಾಹರಣೆಗೆ ಹಂಚಿಕೊಂಡ ರೂಮಿನ ಬಾಡಿಗೆ 4,500, ಮೆಸ್ 3,500, ರೀಡಿಂಗ್ ರೂಮ್ 1,000, ಟೆಸ್ಟ್ ಸೀರೀಸ್, ಪುಸ್ತಕ, ಬಸ್ಸು ಸೇರಿ 1,500 ಎಂದಿಟ್ಟುಕೊಂಡರೆ ತಿಂಗಳಿಗೆ 10,500, ವರ್ಷಕ್ಕೆ 1,26,000. ಜನ ಇಲ್ಲಿಗೆ ನಿಲ್ಲಿಸುತ್ತಾರೆ. ತಿಂಗಳಿಗೆ 18,000 ದುಡಿಯಬಹುದಾದವರು ದುಡಿಯದಿದ್ದರೆ ಅದು 2,16,000. ಒಟ್ಟು 3,42,000. ಇದು ಹೆಚ್ಚೋ ಕಡಿಮೆಯೋ ಎಂಬುದು ಅವರವರ ಮನೆಗೆ ಬಿಟ್ಟದ್ದು, ಆದರೆ ಅಂಕಿ ಕಣ್ಣ ಮುಂದೆ ಇರಲಿ.

ಕೆಂಪು ಶಾಯಿ

ಒಂದು ತಿದ್ದುಪಡಿ. ಓದಿದ್ದು ಪೂರ್ತಿ ಮುಳುಗುವುದಿಲ್ಲ. ಸಂವಿಧಾನ, ಇತಿಹಾಸ, ಅರ್ಥವ್ಯವಸ್ಥೆ, ಮಾನಸಿಕ ಸಾಮರ್ಥ್ಯ ಇವು ಹಲವು ಪರೀಕ್ಷೆಗಳಿಗೆ ಸಮಾನ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಎಸ್‌ಎಸ್‌ಸಿಯ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ಎಂಟಿಎಸ್ ಪರೀಕ್ಷೆ ಕೂಡ ಕನ್ನಡದಲ್ಲಿದೆ. ಆದರೆ ವಯಸ್ಸಿನ ಬಾಗಿಲು ಅಲ್ಲಿ ಬೇಗ ಮುಚ್ಚುತ್ತದೆ. ಗ್ರಾಮೀಣ ಬ್ಯಾಂಕ್ ಕಚೇರಿ ಸಹಾಯಕ ಹುದ್ದೆಗೆ ಸಾಮಾನ್ಯ ವರ್ಗಕ್ಕೆ 28, ಸ್ಕೇಲ್ 1 ಅಧಿಕಾರಿಗೆ 30. ಮೀಸಲು ವರ್ಗಗಳಿಗೆ ಒಬಿಸಿಗೆ 3, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ. ಹಾಗಾಗಿ ಮೊದಲು ಮುಚ್ಚುವ ಬಾಗಿಲು ಯಾವುದು ಎಂದು ಪಟ್ಟಿ ಮಾಡಿ, ಅದನ್ನು ಮೊದಲು ತಟ್ಟಿ. "ಕೆಎಎಸ್ ಆಗದಿದ್ದರೆ ಆಮೇಲೆ ಬ್ಯಾಂಕ್ ನೋಡೋಣ" ಎನ್ನುವವರಿಗೆ ಆ ಆಮೇಲೆ ಬರುವ ಹೊತ್ತಿಗೆ 31 ಆಗಿರುತ್ತದೆ.

ಬೆಳವಲ ಹುಡುಗಿ

ಹೆಣ್ಣುಮಕ್ಕಳ ವಿಷಯದಲ್ಲಿ ಈ ತೀರ್ಮಾನ ಒಬ್ಬರ ಕೈಯಲ್ಲಿ ಇರೋದೇ ಕಮ್ಮಿ. "ಈ ವರ್ಷ ಆಗಲಿಲ್ಲ ಅಂದ್ರೆ ಮದುವೆ" ಅಂತ ಷರತ್ತು ಮೊದಲೇ ಬಂದಿರುತ್ತೆ. ಆ ಮಾತುಕತೆಯಲ್ಲಿ ಸೋಲೋದಕ್ಕೆ ಮುಖ್ಯ ಕಾರಣ ಅಂದ್ರೆ, ನಮ್ಮ ಕಡೆಯಿಂದ ದಿನಾಂಕವೇ ಇರಲ್ಲ. "ಇನ್ನೂ ಸ್ವಲ್ಪ ದಿನ" ಅನ್ನೋದು ಅಪ್ಪನ ಕಿವಿಗೆ "ಯಾವತ್ತೂ ಇಲ್ಲ" ಅಂತ ಕೇಳಿಸುತ್ತೆ.

ಒಂದು ಹಾಳೆ ಬರೆದು ಇಟ್ಟುಕೊಂಡು ಮಾತಾಡಿ ಅಕ್ಕಂದಿರೇ. ಯಾವ ಎರಡು ಪರೀಕ್ಷೆ, ಯಾವ ತಿಂಗಳವರೆಗೆ, ಖರ್ಚು ಎಷ್ಟು, ಅದರಲ್ಲಿ ನನ್ನ ಪಾಲು ಎಷ್ಟು (ಟ್ಯೂಷನ್ನೋ ಡೇಟಾ ಎಂಟ್ರಿಯೋ), ಆಗದಿದ್ದರೆ ಮಾರನೇ ತಿಂಗಳು ನಾನು ಏನು ಮಾಡ್ತೀನಿ. ಕೊನೆಯ ಸಾಲು ಬಹಳ ಮುಖ್ಯ. ಅದನ್ನು ನೀವು ಖಾಲಿ ಬಿಟ್ಟರೆ ಮನೆಯವರು ತುಂಬ್ತಾರೆ. ಮೊದಲು ಅಮ್ಮನ ಹತ್ತಿರ ಮಾತಾಡಿ, ಆಮೇಲೆ ಮನೆಯಲ್ಲಿ ಯಾರ ಮಾತು ನಡೆಯುತ್ತೋ ಅವರ ಹತ್ತಿರ, ಊಟ ಆದಮೇಲೆ, ನೆಂಟರು ಇಲ್ಲದ ದಿನ. ಫಲಿತಾಂಶ ಬಂದ ವಾರ ಈ ಮಾತು ಎತ್ತಲೇಬೇಡಿ.

ಇನ್ನೊಂದು, ಕಾಗದಪತ್ರ. ರಾಜ್ಯದ ಹುದ್ದೆಗಳಲ್ಲಿ ಮಹಿಳೆಯರಿಗೆ ಶೇ 33 ಸಮತಲ ಮೀಸಲಾತಿ (ಎಲ್ಲ ವರ್ಗಗಳ ಒಳಗೂ) ಇದೆ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಅಭ್ಯರ್ಥಿ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಶೇ 5, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ಸ್ಥಳೀಯ ವೃಂದ (ಅಲ್ಲಿಯವರಿಗೇ ಮೀಸಲಾದ ಹುದ್ದೆಗಳು). ಅರ್ಜಿಯಲ್ಲಿ ಕೇಳಿಕೊಳ್ಳದಿದ್ದರೆ ಆಮೇಲೆ ಸಿಗಲ್ಲ, ಪ್ರಮಾಣಪತ್ರದ ದಿನಾಂಕ ಕೊನೇ ದಿನಾಂಕದ ಆಚೆ ಹೋದರೂ ಸಿಗಲ್ಲ. ಹೀಗೆ ತಪ್ಪಿದ ಹುದ್ದೆಯನ್ನೂ "ನನಗೆ ಯೋಗ್ಯತೆ ಇಲ್ಲ" ಅಂತ ಲೆಕ್ಕಕ್ಕೆ ಬರ್ಕೊಳ್ಳೋರಿದ್ದಾರೆ. ಅದು ಕಾಗದದ ತಪ್ಪು, ನಿಮ್ಮ ತಲೆಯದ್ದಲ್ಲ.

ಹಿತ್ತಲ ಮಲ್ಲಿಗೆ

ಒಂದು ಎಚ್ಚರಿಕೆ. ನಿದ್ದೆ ಕೆಟ್ಟು, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ಕಳೆದಿದ್ದರೆ ಆ ಸ್ಥಿತಿಯಲ್ಲಿ ಮುಂದುವರಿಸುವ ತೀರ್ಮಾನವೂ ಬೇಡ, ನಿಲ್ಲಿಸುವ ತೀರ್ಮಾನವೂ ಬೇಡ. ಖಿನ್ನತೆಯಲ್ಲಿ ಎಲ್ಲ ದಾರಿಯೂ ಮುಚ್ಚಿದಂತೆಯೇ ಕಾಣುತ್ತದೆ, ಅದು ನಿಜವಾದ ಲೆಕ್ಕವಲ್ಲ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಸಾಯುವ ಯೋಚನೆ ಬಂದಿದ್ದರೆ ಎರಡು ವಾರ ಕಾಯುವುದೂ ಬೇಡ, ಈಗಲೇ ಕರೆ ಮಾಡಿ, ರೂಮಿನಲ್ಲಿ ಒಬ್ಬರೇ ಇರಬೇಡಿ. ಪಕ್ಕದ ಹಾಸಿಗೆಯ ಗೆಳೆಯ ಹೀಗಾಗಿದ್ದು ಕಂಡರೆ "ಓದು, ಎಲ್ಲ ಸರಿಹೋಗುತ್ತೆ" ಎನ್ನುವ ಬದಲು ಕೂತು ಮಾತಾಡಿಸಿ, ಜೊತೆಗೆ ಹೋಗಿ.

ತುಂಗೆಯ ತಡಿ

ನಿಲ್ಲಿಸಿದವರು ಮುಂದೇನು ಮಾಡಬಹುದು ಅನ್ನೋದನ್ನು ಚುಟುಕಾಗಿ ಬರೀತೀನಿ. ಯುಪಿಎಸ್‌ಸಿ ಸಂದರ್ಶನದವರೆಗೆ ಹೋಗಿ ಆಯ್ಕೆಯಾಗದವರ ವಿವರ, ಅವರು ಒಪ್ಪಿದರೆ, ಪ್ರತಿಭಾ ಸೇತು ಎಂಬ ಜಾಲತಾಣದ ಮೂಲಕ ಉದ್ಯೋಗ ಕೊಡುವ ಸಂಸ್ಥೆಗಳಿಗೆ ಸಿಗುತ್ತೆ. ಒಪ್ಪಿಗೆಯ ಗುರುತು ಹಾಕಲು ಮರೆಯಬೇಡಿ. ಪಾಠ ಮಾಡುವುದು ಹಿಡಿಸಿದವರಿಗೆ ಬಿಎಡ್ 2 ವರ್ಷ. 6ರಿಂದ 8ನೇ ತರಗತಿಗೆ ಕಲಿಸಲು ಟಿಇಟಿಯೂ (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕು, ಅದರ ಪ್ರಮಾಣಪತ್ರಕ್ಕೆ ಈಗ ಜೀವನಪೂರ್ತಿ ಮಾನ್ಯತೆ. ವಾಣಿಜ್ಯ ಓದಿದವರು ಟ್ಯಾಲಿ, ಜಿಎಸ್‌ಟಿ ರಿಟರ್ನ್ ಕಲಿತು ಲೆಕ್ಕಪರಿಶೋಧಕರ ಕಚೇರಿ ಸೇರಿದರೆ ಕೆಲಸ ಬೇಗ ಕೈಗೆ ಹತ್ತುತ್ತೆ.

ಬಯೋಡೇಟಾದಲ್ಲಿ ಆ ವರ್ಷಗಳನ್ನು ಮುಚ್ಚಿಡಬೇಡಿ. "2020–2024: ನಾಗರಿಕ ಸೇವಾ ಪರೀಕ್ಷೆ ತಯಾರಿ, ಎರಡು ಬಾರಿ ಮುಖ್ಯ ಪರೀಕ್ಷೆ ಬರೆದದ್ದು" ಅಂತ ಒಂದೇ ಸಾಲು. ಕೇಳಿದರೆ, ನಾಲ್ಕು ವರ್ಷದಲ್ಲಿ ಏನು ಮಾಡಲು ಕಲಿತಿರಿ ಅನ್ನೋದನ್ನು ಹೇಳಿ: ನೂರು ಪುಟದ ವರದಿಯನ್ನು ಒಂದು ಪುಟಕ್ಕೆ ಇಳಿಸೋದು, ಗಡಿಯಾರ ನೋಡ್ಕೊಂಡು ಬರೆಯೋದು. ಆಯ್ಕೆ ಆಗಲಿಲ್ಲ ಅನ್ನೋದಕ್ಕೆ ಕ್ಷಮೆ ಕೇಳುವ ದನಿ ಬೇಡ.

ಹೊಸಿಲ ದೀಪ

ಎಲ್ಲರಿಗೂ ನಮಸ್ಕಾರ. ಕೊನೆಯದಾಗಿ, ಈ ನಿಲ್ಲಿಸುವ ಷರತ್ತನ್ನು ಬರೆಯುವುದು ಯಾವಾಗ? ಫಲಿತಾಂಶ ಬಂದಮೇಲೆ ಬರೆದರೆ ಮನಸ್ಸು ಅತ್ತ ಇತ್ತ ವಾಲಿರುತ್ತೆ.

ಲೆಕ್ಕದ ಪುಟ

ಪರೀಕ್ಷೆಗೆ ಕನಿಷ್ಠ ಮೂರು ತಿಂಗಳು ಮೊದಲು. "ಹೀಗಾದರೆ ಹೀಗೆ" ಎಂಬ ರೂಪದಲ್ಲೇ ಬರೆಯಿರಿ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ವಿವರಿಸಿದ ವಿಧಾನ ಇದು: ಬರೀ "ಮಾಡುತ್ತೇನೆ" ಎನ್ನುವ ಸಂಕಲ್ಪಕ್ಕಿಂತ, ಯಾವ ಸಂದರ್ಭ ಬಂದಾಗ ಏನು ಮಾಡುವುದೆಂದು ಮೊದಲೇ ಕಟ್ಟಿಟ್ಟ ಯೋಜನೆ ಹೆಚ್ಚು ನಡೆಯುತ್ತದೆ. ಉದಾಹರಣೆಗೆ: "ಈ ಪ್ರಿಲಿಮ್ಸ್‌ನಲ್ಲಿ ಅಂತರ 8 ಅಂಕಕ್ಕಿಂತ ಹೆಚ್ಚಿದ್ದರೆ, ಫಲಿತಾಂಶದ 15ನೇ ದಿನ ರೂಮ್ ಖಾಲಿ ಮಾಡಿ ಕೆಲಸಕ್ಕೆ ಅರ್ಜಿ ಹಾಕುತ್ತೇನೆ. 8ರ ಒಳಗಿದ್ದರೆ ಇನ್ನೊಂದು ಪ್ರಯತ್ನ, ಆದರೆ ಅರ್ಧ ದಿನದ ಕೆಲಸದ ಜೊತೆ. ಪರೀಕ್ಷೆಯೇ ರದ್ದಾದರೆ ಅಥವಾ 6 ತಿಂಗಳಿಗಿಂತ ಹೆಚ್ಚು ಮುಂದಕ್ಕೆ ಹೋದರೆ, ಕಾಯುವಷ್ಟು ದಿನವೂ ಕೆಲಸ." ಮೂರನೇ ಸಾಲನ್ನು ನಮ್ಮ ರಾಜ್ಯದಲ್ಲಿ ಓದುವವರು ಬಿಡಲೇಬಾರದು.

ಪಂಚಾಯ್ತಿ ಕಟ್ಟೆ

ಬರದು ಪುಸ್ತಕದಾಗ ಮುಚ್ಚಿಡಬ್ಯಾಡ್ರಿ. ನಿಮ್ಮ ಅಂಕ ಕೇಳಿ ಹಂಗಿಸದಂಥಾ ಒಬ್ಬರ ಕೈಯಾಗ ನಕಲು ಕೊಟ್ಟಿರ್ರಿ, ಮ್ಯಾಲೆ ತಾರೀಕು ಹಾಕಿ.

ಬೆಳವಲ ಹುಡುಗಿ

ಮತ್ತೆ ಆ ಹಾಳೆಯನ್ನು ಬದಲಾಯಿಸಬೇಕು ಅನ್ನಿಸಿದರೆ ಬದಲಾಯಿಸಿ, ಆದರೆ ಹಾಲ್ ಟಿಕೆಟ್ ಬರುವ ಮೊದಲು. ಅಧಿಸೂಚನೆ ಬಂದಾಗ ಒಮ್ಮೆ, ಹಾಲ್ ಟಿಕೆಟ್ ಬಂದಾಗ ಒಮ್ಮೆ ತೆಗೆದು ಓದಿ. ಹಾಲ್ ಟಿಕೆಟ್ ಕೈಗೆ ಬಂದಮೇಲೆ ಪೆನ್ನು ಮುಟ್ಟಿಸಬೇಡಿ.